ಕೋಳಿ ಮೊದಲು, ತೋಟ ಆಮೇಲೆ: ನನ್ನ ಅನುಭವ

ಹೊಸ ಮನೆಗೆ ಬಂದಾಗ ಹಿತ್ತಲು ಅಂತ ಇದ್ದದ್ದು ಕಲ್ಲಿನಂಥ ನೆಲ, ಮೊಣಕಾಲುದ್ದ ಕಳೆ. ವಸಂತ ಆಗ ತಾನೇ ಶುರುವಾಗಿತ್ತು. ಗೊತ್ತಿದ್ದವರೆಲ್ಲ ಹೇಳಿದ್ದು ಒಂದೇ: ಮೊದಲು ತರಕಾರಿ ಮಡಿ ಮಾಡು, ಗಿಡ ಹಿಡಿಯಲಿ, ಕೋಳಿ ಮುಂದಿನ ವರ್ಷ ನೋಡೋಣ. ನಾನು ಉಲ್ಟಾ ಮಾಡಿದೆ. ನೆಲ ಹದ ಮಾಡುವ ಕೆಲಸವನ್ನೇ ಕೋಳಿಗಳಿಗೆ ಬಿಟ್ಟೆ. ಆಗ ನಕ್ಕವರು ಈಗ ಟೊಮೆಟೊ ಕೇಳಿಕೊಂಡು ಬರುತ್ತಾರೆ.

ಪಿಳ್ಳೆ ತರಲಿಲ್ಲ. ನಾಲ್ಕು ತಿಂಗಳು ತುಂಬಿದ, ಇನ್ನೂ ಮೊಟ್ಟೆ ಶುರು ಮಾಡದ ಆರು ಹ್ಯಾಟೆ (ಎಳೆ ಹೆಣ್ಣುಕೋಳಿ) ತಂದೆ. ಪಿಳ್ಳೆಗಿಂತ ನಾಲ್ಕೈದು ಪಟ್ಟು ದುಡ್ಡು ಹೋಯಿತು, ಚೌಕಾಸಿಯೂ ನಡೆಯಲಿಲ್ಲ. ಆದರೆ ಪಿಳ್ಳೆಗೆ ಮೊದಲ ವಾರ 35 ಡಿಗ್ರಿ ಕಾವು ಕೊಡಬೇಕು, ವಾರವಾರ ಮೂರು ಡಿಗ್ರಿ ಇಳಿಸಬೇಕು, ಮೊಟ್ಟೆಗೆ ಸುಮಾರು ಐದು ತಿಂಗಳು ಕಾಯಬೇಕು. ಅಷ್ಟರಲ್ಲಿ ನಾಟಿ ಕಾಲವೇ ಮುಗಿದಿರುತ್ತದೆ. ಹ್ಯಾಟೆ ಬಂದ ದಿನವೇ ಕೆದಕಲು ಶುರು ಮಾಡುತ್ತದೆ. ಹಗಲು ಉದ್ದವಾಗುವ ಕಾಲ ಬೇರೆ, ಮೊಟ್ಟೆಯೂ ತಡವಾಗಲಿಲ್ಲ.

ಕೋಳಿ ಬಿಡುವ ಮುಂಚೆ ಒಂದು ಕೆಲಸ ಇದೆ, ಯಾರೂ ಹೇಳುವುದಿಲ್ಲ. ಮನೆ ಕಟ್ಟಿದ ಜಾಗದಲ್ಲಿ ಮೊಳೆ, ತಂತಿ ಚೂರು, ಗಾಜು ಇದ್ದೇ ಇರುತ್ತವೆ. ಹೊಳೆಯುವುದು ಕಂಡರೆ ಕೋಳಿ ಕುಟುಕದೆ ಬಿಡುವುದಿಲ್ಲ. ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ನೆಲವೆಲ್ಲ ಎಳೆದೆ. ಒಂದು ಡಬ್ಬಿ ಮೊಳೆ ಸಿಕ್ಕಿತು. ಗಾಜಿಗೆ ಮಾತ್ರ ಕಣ್ಣೇ ಗತಿ.

ಗೂಡು ಎಂಟಡಿಗೆ ನಾಲ್ಕಡಿ, ತಳ ಇಲ್ಲ, ಎಳೆದುಕೊಂಡು ಹೋಗುವಂಥದ್ದು. ಮೊದಲನೆಯದನ್ನು ಒಳ್ಳೆ ಮರದಲ್ಲಿ ಮಾಡಿಸಿದೆ. ಮೂರು ಜನ ಸೇರಿದರೂ ಜಗ್ಗಲಿಲ್ಲ! ಬಿಚ್ಚಿ ಹಗುರ ಪಟ್ಟಿಗಳಲ್ಲಿ ಮತ್ತೆ ಕಟ್ಟಿದ್ದಾಯಿತು. ಎರಡನೇ ಸಲ ಅರ್ಧ ದುಡ್ಡು ಬಲೆಗೇ ಹೋಯಿತು. ಆರು ಮೂಲೆ ಕಣ್ಣಿನ ತೆಳು ಬಲೆ ಕೋಳಿಯನ್ನು ಒಳಗಿಡುತ್ತದೆ, ಅಷ್ಟೇ. ನಾಯಿ ಹರಿಯುತ್ತದೆ, ಇಲಿ ನುಸುಳುತ್ತದೆ. ಅರ್ಧ ಇಂಚಿನ ವೆಲ್ಡ್ ಮೆಶ್ಶೇ ಬೇಕು. ಗೂಡು ಜಾಗ ಬದಲಿಸುವುದರಿಂದ ಬಲೆ ಹೂಳಲು ಆಗಲ್ಲ, ಹಾಗಾಗಿ ಸುತ್ತ ಒಂದಡಿ ಅಗಲದ ಬಲೆಯನ್ನು ನೆಲದ ಮೇಲೇ ಹಾಸಿ ಕಲ್ಲು ಹೇರುತ್ತೇನೆ. ಗೂಡು ಎಳೆಯುವಾಗ ಕೋಳಿಗಳು ಕಾಲಿಗೆ ಸಿಗದಂತೆ ಒಂದೇ ಕಡೆ ಸೇರಿಸಲು ನನ್ನದೊಂದು ಉಪಾಯ ಇದೆ. ಅದು ನನ್ನ ಹತ್ತಿರವೇ ಇರಲಿ.

ಒಂದು ಜಾಗಕ್ಕೆ ವಾರ, ಕಳೆ ದಟ್ಟ ಇದ್ದರೆ ಹತ್ತು ದಿನ. ಎಲೆ, ಕಳೆಬೀಜ, ಗೊಣ್ಣೆಹುಳು ಎಲ್ಲ ಖಾಲಿ. ಎರೆಹುಳುವೂ ಹೋಗುತ್ತದೆ, ಆಮೇಲೆ ತಾನಾಗಿ ಬರುತ್ತದೆ. ಗರಿಕೆ ಮಾತ್ರ ಜಗ್ಗುವುದಿಲ್ಲ. ಕೋಳಿಗಳು ಮೇಲಿನದನ್ನಷ್ಟೇ ತಿಂದು ಬೇರನ್ನು ಹಾಗೇ ಉಳಿಸುತ್ತವೆ. ಅಲ್ಲಿ ರಟ್ಟು ಹಾಸಿ ಮೇಲೆ ತರಗೆಲೆ ಸುರಿದೆ.

ಹಸಿ ಹಿಕ್ಕೆ ಸಸಿಯನ್ನು ಸುಡುತ್ತದೆ, ನಿಮಗೆ ಗೊತ್ತೇ ಇದೆ. ನಾನು ಒಣ ಎಲೆ ಬೆರೆಸಿ, ನೀರು ಕೊಟ್ಟು, ಮೂರ್ನಾಲ್ಕು ವಾರ ಬಿಟ್ಟು ಟೊಮೆಟೊ ನೆಟ್ಟೆ. ಕೋಲು ಕಟ್ಟಿದ ಗಿಡ, ಹಣ್ಣು ಮಣ್ಣಿಗೆ ತಾಗಲ್ಲ. ಹಸಿ ಹಿಕ್ಕೆಯ ರೋಗಾಣು ಊಟಕ್ಕೆ ಬರಬಾರದು ಅಂತ, ಅಂಥ ಬೆಳೆಗೆ ಹಿಕ್ಕೆ ಬಿದ್ದ ಮೇಲೆ 90 ದಿನ ಕಳೆದು ಕೊಯ್ಯಬೇಕು ಅನ್ನುವ ಲೆಕ್ಕ ಇಟ್ಟುಕೊಂಡಿದ್ದೇನೆ. ಮಣ್ಣಿಗೆ ತಾಗುವ ಸೊಪ್ಪು, ಕ್ಯಾರೆಟ್ಟಿಗೆ 120 ದಿನ. ಮೊದಲ ವಸಂತದಲ್ಲಿ ಆ ಮಡಿಗಳಲ್ಲಿ ಸೊಪ್ಪು ಹಾಕಲೇ ಇಲ್ಲ.

ನಡುವೆ ಏನೇನೋ ಮಾಡಿ ನೋಡಿದೆ. ಬಸವನಹುಳ ತಡೆಯಲು ಮೊಟ್ಟೆಚಿಪ್ಪು ಪುಡಿ ಸುರಿದರೆ ಅವು ಅದರ ಮೇಲೇ ಹಾದು ಹೋದವು. ಚಿಪ್ಪನ್ನು ಕೋಳಿಗೇ ಕೊಡುವುದು ವಾಸಿ. ಹುಳ ತಿನ್ನಲಿ ಅಂತ ಬೆಳೆದ ತೋಟಕ್ಕೆ ಕೋಳಿ ಬಿಟ್ಟೆ. ಅರ್ಧ ಗಂಟೆಯಲ್ಲಿ ಒಂದು ಸಾಲು ಬೀನ್ಸ್ ಸಸಿ ಇಲ್ಲ, ಹೊಸ ಮಡಿಯಲ್ಲಿ ಧೂಳಿನ ಸ್ನಾನ ಬೇರೆ. ಮೇವು ನೆನೆಸಿ ಹುಳಿ ಬರಿಸಿ ಕೊಟ್ಟದ್ದು ಮಾತ್ರ ಗೆದ್ದಿತು, ಚೆಲ್ಲುವುದು ತುಂಬಾ ಕಡಿಮೆಯಾಯಿತು.

ಇದು ಸಣ್ಣ ವಿಷಯ ಅಲ್ಲ. ಒಂದು ಕೋಳಿ ದಿನಕ್ಕೆ 110ರಿಂದ 120 ಗ್ರಾಂ ತಿನ್ನುತ್ತದೆ, ವರ್ಷಕ್ಕೆ ನಲವತ್ತು ಕಿಲೋ ಮೇಲೆ. ಗೂಡಿನ ದುಡ್ಡು ಬಿಟ್ಟರೆ ಮಿಕ್ಕ ಖರ್ಚಿನಲ್ಲಿ ಮುಕ್ಕಾಲು ಪಾಲು ಮೇವೇ ನನಗೆ. ಮೊಟ್ಟೆ ಅಗ್ಗವಾಗಿ ಬೀಳುತ್ತದೆ ಅನ್ನುವವರ ಮಾತು ನಂಬಬೇಡಿ. ಗೊಬ್ಬರ ಮತ್ತು ಅಗೆತದ ಕೂಲಿ ಸೇರಿಸಿದರೆ ಮಾತ್ರ ಲೆಕ್ಕ ಕೂಡುತ್ತದೆ.

ಅತಿ ಜಾಸ್ತಿ ನಕ್ಕಿದ್ದ ಪಕ್ಕದ ಮನೆಯವರು ಮೊನ್ನೆ ಬಂದು, ಹದಿನೈದು ದಿನ ಗೂಡು ಸಮೇತ ಕೋಳಿ ಕೊಡ್ತೀರಾ, ಬಾಡಿಗೆ ಕೊಡ್ತೀನಿ ಅಂದರು. ಗೂಡಿನ ಅಳತೆ ಬರೆದುಕೊಟ್ಟೆ. ಕೋಳಿ ಕೊಡಲಿಲ್ಲ. ಹಿತ್ತಲೊಳಗೆ ಗೂಡು ಸರಿಸಿದಂತಲ್ಲ ಇದು, ಹೊಸ ಮನೆ, ಹೊಸ ಜನ ಅಂದರೆ ಮೊಟ್ಟೆ ನಿಲ್ಲಿಸಿಬಿಡಬಹುದು, ಆ ನಷ್ಟ ಯಾವ ಬಾಡಿಗೆಗೂ ತುಂಬಲ್ಲ.