ಚಂದ್ರಾ ಕಣಿವೆಯ ಹಳ್ಳಗಳಲ್ಲಿ ಗಾಡಿ ದಾಟಿಸುವುದು

ಹಿಮಾಚಲದ ಗ್ರಾಂಫೂನಿಂದ ಬಾತಲ್‌ವರೆಗಿನ ಸುಮಾರು 50 ಕಿ.ಮೀ. ದಾರಿ ಚಂದ್ರಾ ನದಿಯ ಪಕ್ಕದಲ್ಲೇ ಸಾಗುತ್ತದೆ. ಹೆಸರಿಗೆ ರಾಷ್ಟ್ರೀಯ ಹೆದ್ದಾರಿ 505. ಡಾಂಬರಿಲ್ಲದ ಕಡೆ ಚಕ್ರದಡಿ ಸಿಗುವುದು ಬರೀ ಉರುಟುಕಲ್ಲು. ಸಕಲೇಶಪುರದ ಕೆಸರಿನಲ್ಲಿ ಕಲಿತವರು ಇಲ್ಲಿ ಒಂದು ಅಭ್ಯಾಸ ಬಿಡಬೇಕು: ಕೆಸರಿಗೆ ಓಟದ ವೇಗ ಬೇಕು, ಕಲ್ಲಿಗೆ ಅದೇ ವೇಗ ಶತ್ರು.

ಮನಾಲಿಯಲ್ಲೇ ಟ್ಯಾಂಕ್ ತುಂಬಿಸುತ್ತೇನೆ, ಈ ದಾರಿಯಲ್ಲಿ ಮುಂದಿನ ಬಂಕ್ ಸ್ಪಿತಿ ಕಣಿವೆಯ ಕಾಜಾ ಊರಿನಲ್ಲಿ. ಕಲ್ಲುದಾರಿ ಶುರುವಾದ ಕೂಡಲೇ ಟೈರ್ ಗಾಳಿ 32ರಿಂದ 24 ಪಿಎಸ್‌ಐಗೆ ಇಳಿಸುತ್ತೇನೆ. 18ಕ್ಕಿಂತ ಕೆಳಗಿಳಿಸಿದರೆ ಟೈರಿನ ಪಕ್ಕದ ಭಾಗ (ಸೈಡ್‌ವಾಲ್) ಉಬ್ಬಿ ಚೂಪುಕಲ್ಲಿಗೆ ಸೀಳುತ್ತದೆ. ಮತ್ತೆ ತುಂಬಿಸಲು ಕಂಪ್ರೆಸರ್ ಜೊತೆಗಿರಲೇಬೇಕು.

ಹಳ್ಳ ದಾಟುವುದರಲ್ಲಿ ಹೊತ್ತಿನದೇ ಮುಖ್ಯ ಲೆಕ್ಕ. ಬಿಸಿಲೇರಿದಂತೆ ಹಿಮನದಿ ಕರಗಿ, ಬೆಳಿಗ್ಗೆ ಆರಕ್ಕೆ ಮೀನಖಂಡದ ಮಟ್ಟಕ್ಕಿದ್ದ ನೀರು ಮಧ್ಯಾಹ್ನ ಮೂರಕ್ಕೆ ತೊಡೆ ಮುಟ್ಟಬಹುದು. ಛತ್ರು ಹತ್ತಿರದ ‘ಪಾಗಲ್ ನಾಲಾ’ಕ್ಕೆ (ಹುಚ್ಚು ಹಳ್ಳ) ಆ ಹೆಸರು ಸುಮ್ಮನೆ ಬಂದಿಲ್ಲ. ನಾನಂತೂ ಹತ್ತು ಗಂಟೆಯೊಳಗೆ ದಾಟುತ್ತೇನೆ, ತಡವಾದರೆ ಮರುದಿನದವರೆಗೆ ಕಾಯುತ್ತೇನೆ.

ಮೊದಲು ಕೋಲು ಹಿಡಿದು ನಡೆದು ನೋಡಬೇಕು. ನೀರು ನೊರೆಯೆದ್ದು ಅಗಲವಾಗಿ ಹರಿಯುವ ಕಡೆ ಆಳ ಕಡಿಮೆ, ಸದ್ದಿಲ್ಲದೆ ಕಪ್ಪಗೆ ಹರಿಯುವ ಕಡೆ ಗುಂಡಿ. ಸೆಳೆತವಿದ್ದು ನೀರು ಮೊಣಕಾಲು ಮೀರಿದರೆ ನಾನು ಇಳಿಯುವುದಿಲ್ಲ. ಬಿಸಿಯಾದ ಡಿಫರೆನ್ಷಿಯಲ್ (ಆಕ್ಸಲ್ ನಡುವೆ ಚಕ್ರಗಳಿಗೆ ಬಲ ಹಂಚುವ ಗೇರ್‌ಗಳ ಪೆಟ್ಟಿಗೆ) ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಸೀಲ್ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ದಡದಲ್ಲಿ ಹತ್ತು ನಿಮಿಷ ನಿಲ್ಲಿಸುವುದು ಲೇಸು. ಅದರೊಳಗೆ ಗಾಳಿಯಾಡಿಸುವ ಬ್ರೀದರ್ ಪೈಪನ್ನು ಎಂಜಿನ್ ಬೇವರೆಗೆ ಎತ್ತರಿಸಿದ್ದರೆ ಇನ್ನೂ ವಾಸಿ.

ದಾಟುವಾಗ 4ಎಲ್ (ನಾಲ್ಕೂ ಚಕ್ರಕ್ಕೆ ನಿಧಾನ ವೇಗದಲ್ಲಿ ಹೆಚ್ಚು ಎಳೆತ ಕೊಡುವ ಲೋ ರೇಂಜ್), ಮೊದಲ ಗೇರ್, ಹರಿವಿನ ಜೊತೆ ತುಸು ಓರೆಯಾಗಿ, ನಡಿಗೆಯ ವೇಗದಲ್ಲಿ. ನಡುವೆ ಕ್ಲಚ್ ಒತ್ತಬಾರದು, ಗೇರ್ ಬದಲಿಸಲೂಬಾರದು. ಎಂಜಿನ್ ನೀರಿನಲ್ಲಿ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಅದು ಕುಗ್ಗುವುದಿಲ್ಲ, ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಳೆಸಿಕೊಂಡು ದಡ ಸೇರಿ ಏರ್ ಫಿಲ್ಟರ್ ನೋಡಿ. ಒದ್ದೆಯಿದ್ದರೆ ನೀರು ಹೊರಬರುವಂತೆ ಸ್ಪಾರ್ಕ್ ಪ್ಲಗ್ ಬಿಚ್ಚಿಯೇ ಕ್ರ್ಯಾಂಕ್ ಮಾಡಬೇಕು (ಎಂಜಿನ್ ತಿರುಗಿಸಬೇಕು).

ಬಾತಲ್ ದಾಟಿದ ಮೇಲೆ ಕುಂಜುಮ್ ಕಣಿವೆದಾರಿಯ (ಪಾಸ್) ಏರು. ಸುಮಾರು 4,000 ಮೀಟರ್ ಎತ್ತರದಲ್ಲಿ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಮೂರನೇ ಒಂದು ಪಾಲಿಗಿಂತ ಹೆಚ್ಚು ಬಲ ಕಳೆದುಕೊಂಡಿರುತ್ತದೆ. ಅರ್ಧ ಕ್ಲಚ್‌ನಲ್ಲಿ ಎಳೆದರೆ ಪ್ಲೇಟ್ ಸುಟ್ಟ ವಾಸನೆ ಗ್ಯಾರಂಟಿ, ಲೋ ರೇಂಜ್‌ನಲ್ಲೇ ಹತ್ತಿಸಿ. ಕಾಜಾ ಮುಟ್ಟಿದ ಮೇಲೆ ಡಿಫರೆನ್ಷಿಯಲ್‌ಗೆ ಎಣ್ಣೆ ತುಂಬುವ ಫಿಲ್ಲರ್ ಬೋಲ್ಟ್ ಬಿಚ್ಚಿ ಬೆರಳಿಟ್ಟು ನೋಡಿ. ಎಣ್ಣೆ ಹಾಲುಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಅಲ್ಲೇ ಬದಲಿಸಿ.