ಆಪ್-ಆಂಪ್ ಔಟ್‌ಪುಟ್ ಕುಣಿಯುತ್ತಿದ್ದರೆ: ನಾನು ತಪ್ಪು ಹುಡುಕುವ ಬಗೆ

ಎಲ್‌ಎಂ358 (ಎರಡು ಆಪ್-ಆಂಪ್, ಅಂದರೆ ಸಂಕೇತ ವರ್ಧಿಸುವ ಸರ್ಕ್ಯೂಟ್, ಇರುವ ಐಸಿ) ಹಾಕಿದ ಸಾದಾ ಬಫರ್ (ಇನ್‌ಪುಟ್ ವೋಲ್ಟೇಜನ್ನೇ ಔಟ್‌ಪುಟ್‌ಗೆ ಕೊಡುವ ಸರ್ಕ್ಯೂಟ್), 12 ವೋಲ್ಟ್ ಸಪ್ಲೈ. ಇನ್‌ಪುಟ್‌ಗೆ 2.50 ವೋಲ್ಟ್ ಕೊಟ್ಟರೆ ಮಲ್ಟಿಮೀಟರ್ ಔಟ್‌ಪುಟ್‌ನಲ್ಲಿ 2.41 ತೋರಿಸುತ್ತದೆ, ವೈರ್ ಹತ್ತಿರ ಕೈ ತಂದರೆ ಆ ಅಂಕಿಯೂ ಬದಲಾಗುತ್ತದೆ. ಇಂಥಲ್ಲಿ ಐಸಿ ಕೆಟ್ಟಿದೆ ಎಂದು ಕಿತ್ತು ಹಾಕುವ ಮೊದಲು ಆಸಿಲೇಶನ್, ಅಂದರೆ ಔಟ್‌ಪುಟ್ ತಾನಾಗಿಯೇ ವೇಗವಾಗಿ ಮೇಲೆ ಕೆಳಗೆ ಕುಣಿಯುವುದು, ಇದೆಯೇ ನೋಡಬೇಕು. ಮೀಟರ್ ತೋರಿಸುವುದು ಸರಾಸರಿ ಮಾತ್ರ. ಕುಣಿತದ ಏರು ಇಳಿತ ಸಮವಾಗಿಲ್ಲದಿದ್ದರೆ ಆ ಸರಾಸರಿಯೇ ಜಾರುತ್ತದೆ.

ನೋಡಲು ಸ್ಕೋಪ್ (ಆಸಿಲೋಸ್ಕೋಪ್) ಬೇಕು, ಪ್ರೋಬ್ 10ಎಕ್ಸ್‌ನಲ್ಲಿ (ಸಂಕೇತವನ್ನು ಹತ್ತನೇ ಒಂದಕ್ಕೆ ಇಳಿಸುವ ಸ್ಥಾನದಲ್ಲಿ) ಇರಬೇಕು. 1ಎಕ್ಸ್‌ನಲ್ಲಿಟ್ಟರೆ ಪ್ರೋಬ್ ಕೇಬಲ್ಲೇ ಸುಮಾರು 100 ಪಿಕೋಫ್ಯಾರಡ್ ಹೊರೆ ಹಾಕಿ, ಚೆನ್ನಾಗಿದ್ದ ಸರ್ಕ್ಯೂಟನ್ನೂ ಕುಣಿಸಬಹುದು. ಉದ್ದದ ಗ್ರೌಂಡ್ ಕ್ಲಿಪ್ ಬದಲು ಪ್ರೋಬ್ ತುದಿಯ ಸ್ಪ್ರಿಂಗ್ ಬಳಸುತ್ತೇನೆ.

ಮೊದಲು ಸಪ್ಲೈ. 104 ಎಂದು ಬರೆದಿರುವ 100 ನ್ಯಾನೋಫ್ಯಾರಡ್ ಸಿರಾಮಿಕ್ ಕೆಪಾಸಿಟರನ್ನು ಐಸಿಯ ಸಪ್ಲೈ ಪಿನ್‌ಗಳಾದ 8 ಮತ್ತು 4ರ ನಡುವೆ, ಕಾಲು 5 ಮಿಲಿಮೀಟರ್ ಮೀರದಂತೆ ಬೆಸೆಯುತ್ತೇನೆ. ಬೋರ್ಡಿನ ಇನ್ನೊಂದು ಮೂಲೆಯಲ್ಲಿ ಕೂತ ಕೆಪಾಸಿಟರ್ ಇಲ್ಲಿಗೆ ಕೆಲಸಕ್ಕೆ ಬರುವುದಿಲ್ಲ. ಪ್ಲಸ್-ಮೈನಸ್ ಸಪ್ಲೈ ಆದರೆ ಎರಡು ಬೇಕು, ಒಂದೊಂದು ರೈಲಿನಿಂದ (ಸಪ್ಲೈ ತಂತಿಯಿಂದ) ಗ್ರೌಂಡಿಗೆ ಒಂದೊಂದು. ಬಳಸದೆ ಬಿಟ್ಟ ಇನ್ನರ್ಧ ಆಪ್-ಆಂಪ್ ಮರೆಯಬೇಡಿ: 6 ಮತ್ತು 7ನೇ ಪಿನ್‌ಗಳನ್ನು ಸೇರಿಸಿ, 5ನೇ ಪಿನ್ನನ್ನು ಸಪ್ಲೈಯ ನಡುಮಟ್ಟಕ್ಕೆ ಕಟ್ಟಿ.

ಆಮೇಲೆ ಔಟ್‌ಪುಟ್ ಕೇಬಲ್ ಬಿಚ್ಚುತ್ತೇನೆ. ಕುಣಿತ ನಿಂತರೆ ಕಳ್ಳ ಸಿಕ್ಕಂತೆಯೇ. ಶೀಲ್ಡೆಡ್ ಕೇಬಲ್‌ನಲ್ಲಿ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಇರುತ್ತದೆ, 8 ಮೀಟರ್ ಎಳೆದರೆ 800. ಬಫರ್ ಆಗಿ ಬಳಸಿದಾಗ ಎಲ್‌ಎಂ358ರ ಡೇಟಾಶೀಟ್ ಭರವಸೆ ಕೊಡುವುದು 50 ಪಿಕೋಫ್ಯಾರಡ್‌ಗೆ ಮಾತ್ರ. ಆಪ್-ಆಂಪಿನ ಒಳಗಿನ ಔಟ್‌ಪುಟ್ ರೆಸಿಸ್ಟೆನ್ಸ್ ಮತ್ತು ಕೇಬಲ್‌ನ ಕೆಪಾಸಿಟೆನ್ಸ್ ಸೇರಿ ಫೀಡ್‌ಬ್ಯಾಕನ್ನು (ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಮರಳುವ ಸಂಕೇತವನ್ನು) ತಡಮಾಡುತ್ತವೆ. ತಡ ಹೆಚ್ಚಾದಾಗ ನೆಗೆಟಿವ್ ಫೀಡ್‌ಬ್ಯಾಕ್ ಪಾಸಿಟಿವ್ ಆಗಿಬಿಡುತ್ತದೆ. ಮದ್ದು ಸುಲಭ: ಔಟ್‌ಪುಟ್ ಪಿನ್ನಿಗೂ ಕೇಬಲಿಗೂ ನಡುವೆ 100 ಓಮ್. ಫೀಡ್‌ಬ್ಯಾಕನ್ನು ಮಾತ್ರ ಆ ರೆಸಿಸ್ಟರಿಗಿಂತ ಮೊದಲೇ, ಪಿನ್ನಿನಿಂದಲೇ ತೆಗೆಯಬೇಕು. ಆಚೆ ಕಡೆ 10 ಕಿಲೋಓಮ್ ಲೋಡ್ ಇದ್ದರೆ ಇದರಿಂದ ಶೇಕಡಾ 1ರಷ್ಟು ವೋಲ್ಟೇಜ್ ಇಳಿಯುತ್ತದೆ, ಅದು ಲೆಕ್ಕದಲ್ಲಿರಲಿ.

ಕೇಬಲ್ ಬಿಚ್ಚಿದರೂ ನಿಲ್ಲದಿದ್ದರೆ ಫೀಡ್‌ಬ್ಯಾಕ್ ರೆಸಿಸ್ಟರ್‌ಗಳ ಮೇಲೆ ನನ್ನ ಅನುಮಾನ. ಟಿಎಲ್072 ಎಂಬ ಇನ್ನೊಂದು ಆಪ್-ಆಂಪ್ ಐಸಿಯಲ್ಲಿ ಗೇನ್ (ವರ್ಧನೆ) 2 ಬೇಕೆಂದು 100 ಕಿಲೋಓಮ್‌ನ ಎರಡು ರೆಸಿಸ್ಟರ್ ಹಾಕಿದಿರಿ ಅನ್ನಿ. ಇನ್ವರ್ಟಿಂಗ್ ಪಿನ್ನಿಗೆ (ಮೈನಸ್ ಇನ್‌ಪುಟ್‌ಗೆ) ಎರಡೂ ಸಮಾನಾಂತರವಾಗಿ ಸೇರಿ ಕಾಣುವುದು 50 ಕಿಲೋಓಮ್. ಐಸಿ ಮತ್ತು ಬ್ರೆಡ್‌ಬೋರ್ಡ್ ಸೇರಿ 15 ಪಿಕೋಫ್ಯಾರಡ್ ಬಂದರೆ ಸುಮಾರು 212 ಕಿಲೋಹರ್ಟ್ಸ್‌ನಲ್ಲೇ ತಡ ಶುರು, ಆದರೆ ಫೀಡ್‌ಬ್ಯಾಕ್ ಲೂಪ್ 1.5 ಮೆಗಾಹರ್ಟ್ಸ್ ಆಸುಪಾಸಿನ ತನಕ ಜೀವಂತ. ಎರಡನ್ನೂ 10 ಕಿಲೋಓಮ್‌ಗೆ ಇಳಿಸುವುದು ನನಗೆ ಹೆಚ್ಚು ಇಷ್ಟ. ಇಳಿಸಲಾಗದಿದ್ದರೆ ಫೀಡ್‌ಬ್ಯಾಕ್ ರೆಸಿಸ್ಟರಿಗೆ ಸಮಾನಾಂತರವಾಗಿ 22 ಪಿಕೋಫ್ಯಾರಡ್; ಆಗ ಬ್ಯಾಂಡ್‌ವಿಡ್ತ್ ಸುಮಾರು 72 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಆಡಿಯೋಗೆ ಧಾರಾಳ.

ಔಟ್‌ಪುಟ್ ಒಮ್ಮೆಗೇ ಪ್ಲಸ್ ರೈಲಿಗೆ ಹಾರಿ ಅಲ್ಲೇ ಕೂತರೆ ಅದು ಬೇರೆ ರೋಗ: ಟಿಎಲ್072ರ ಹಳೆಯ ಮಾದರಿಗಳಲ್ಲಿ ಇನ್‌ಪುಟ್ ಮೈನಸ್ ರೈಲಿಗೆ ತೀರಾ ಹತ್ತಿರ ಹೋದಾಗ ಹೀಗಾಗುತ್ತದೆ. ಕೆಪಾಸಿಟರ್ ಎಷ್ಟು ಹಾಕಿದರೂ ಹೋಗದು.

ಕೊನೆಯ ಪರೀಕ್ಷೆಯನ್ನು ಕೇಬಲ್ ಮತ್ತೆ ಸಿಕ್ಕಿಸಿಯೇ ಮಾಡುತ್ತೇನೆ. 10 ಕಿಲೋಹರ್ಟ್ಸ್, 100 ಮಿಲಿವೋಲ್ಟ್ ಸ್ಕ್ವೇರ್ ವೇವ್ ಕೊಟ್ಟು ಅಂಚು ನೋಡಬೇಕು. ಅಂಚು ತಲುಪಬೇಕಾದ ಮಟ್ಟ ಮೀರಿ ಮೇಲೆ ಹಾರುವುದು ಶೇಕಡಾ 25 ದಾಟಿದರೆ ಅಥವಾ ಅಂಚಿನ ಹಿಂದೆ ಅಲೆಗಳ ಸಾಲು ಕಂಡರೆ 100 ಓಮ್ ತೆಗೆದು 150 ಹಾಕುತ್ತೇನೆ.