ನಿಮ್ಮ ಪಾತ್ರಕ್ಕೆ ಏನು ಬೇಕಾಗಿದೆ?

ನನ್ನ ಮೊದಲ ಕಥೆಯಲ್ಲಿ ಒಬ್ಬ ಸಾಹುಕಾರ ಇದ್ದ, ಮಹಾ ಕ್ರೂರಿ. ಯಾಕೆ ಕ್ರೂರಿ? ಕಥೆಗೆ ಒಬ್ಬ ಕೆಟ್ಟವನು ಬೇಕಿತ್ತು, ಅದಕ್ಕೆ. ಓದಿದ ಗೆಳೆಯ "ಇವನಿಗೆ ಬೇರೆ ಕೆಲಸ ಇಲ್ವಾ?" ಅಂದ.

ಆಮೇಲಿಂದ ಬರೆಯೋಕೆ ಮುಂಚೆ ಒಂದು ಕೆಲಸ ಮಾಡುತ್ತೇನೆ. ಪಾತ್ರದ ಆಸೆಯನ್ನು ಕೈಗೆ ಸಿಗುವ ಒಂದು ವಸ್ತುವಿಗೆ ಕಟ್ಟಿಹಾಕುತ್ತೇನೆ. 'ಇವನಿಗೆ ಗೌರವ ಬೇಕು' ಅಂತ ಬರೆದಿಟ್ಟರೆ ಮುಂದಿನ ಸಾಲೇ ಹೊಳೆಯೋದಿಲ್ಲ. ಕಾರಂತರ 'ಚೋಮನ ದುಡಿ'ಯನ್ನೇ (1933) ನೋಡಿ. ಚೋಮನಿಗೆ ಬೇಸಾಯಗಾರ ಆಗಬೇಕು, ಎತ್ತುಗಳೂ ಇವೆ, ಆದರೆ ಉಳೋಕೆ ಭೂಮಿ ಇಲ್ಲ, ಅವನ ಜಾತಿಯವರು ಬೇಸಾಯ ಮಾಡಬಾರದು ಅನ್ನೋ ಕಟ್ಟಳೆ ಬೇರೆ. ಆ ಎತ್ತುಗಳನ್ನು ನೋಡಿದರೇ ಹೊಟ್ಟೆ ಚುರುಕ್ ಅನ್ನುತ್ತೆ, ಅಲ್ವಾ?

ಈಗ ನಿಮ್ಮದೇ ಪಾತ್ರ ತಗೊಳ್ಳಿ. ಅಕ್ಕ ತಂಗಿಯ ಮದುವೆಗೆ ಹೋಗಲಿಲ್ಲ ಅಂತಿಟ್ಟುಕೊಳ್ಳಿ. 'ಹೊಟ್ಟೆಕಿಚ್ಚು' ಅಂತ ಬರೆದು ಕೈತೊಳೆದುಕೊಳ್ಳಬೇಡಿ, ಅದು ಬರೀ ಚೀಟಿ ಅಂಟಿಸಿದ ಹಾಗೆ. ಅಮ್ಮನ ಎರಡು ಬಳೆ ತನಗೇ ಅಂತ ಅಕ್ಕ ಚಿಕ್ಕಂದಿನಿಂದ ನಂಬಿದ್ದಳು, ನಾಳೆ ಅವು ತಂಗಿಯ ಕೈಯಲ್ಲಿರುತ್ತವೆ. ಈಗ ಅವಳು ಏನು ಮಾಡ್ತಾಳೆ? ಬ್ಯಾಗು ತುಂಬ್ತಾಳೆ, ಸೀರೆ ಇಸ್ತ್ರಿ ಮಾಡ್ತಾಳೆ, ಬಸ್‌ಸ್ಟ್ಯಾಂಡ್ ತನಕ ಹೋಗಿ ಎರಡು ಬಸ್ಸು ಬಿಟ್ಟು, ವಾಪಸ್ ಬಂದು "ಬಸ್ಸೇ ಸಿಗಲಿಲ್ಲಮ್ಮ" ಅಂತ ಫೋನ್ ಮಾಡ್ತಾಳೆ. ಬಳೆಯ ಮಾತು ಬಾಯಿಗೆ ಬರೋದೇ ಇಲ್ಲ. ಮನಸ್ಸಲ್ಲಿರೋದನ್ನೆಲ್ಲ ಪಾತ್ರವೇ ಒದರಿಬಿಟ್ಟರೆ ಅದು ಸೀರಿಯಲ್ ಆಗುತ್ತೆ. (ಸೀರಿಯಲ್ ಬರೆಯೋರು ಬೈಕೋಬೇಡಿ.)

ಬಾಲ್ಯದ ಕಹಿ ನೆನಪು ಅಂತ ಎರಡು ಪುಟ ಹಿಂದಕ್ಕೆ ಓಡೋದು ಕೂಡ ಜಾಸ್ತಿ ಸಲ ಸೋಮಾರಿತನವೇ.

ಆಸೆ ಗಟ್ಟಿಯಾಗಿದೆಯಾ ಅಂತ ನೋಡಬೇಕಾ? ಅದಕ್ಕೊಂದು ಬೆಲೆ ಇಡಿ. ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ ಆಚಾರ ಬಿಟ್ಟು ಬದುಕಿದ ನಾರಣಪ್ಪನ ಹೆಣ ಸುಡೋಕೆ ಅಗ್ರಹಾರದಲ್ಲಿ ಒಬ್ಬರೂ ಮುಂದೆ ಬರೋದಿಲ್ಲ. ಖರ್ಚಿಗೆ ಅಂತ ಅವನ ಜೊತೆ ಬಾಳಿದ ಚಂದ್ರಿ ಮೈಮೇಲಿನ ಬಂಗಾರ ಬಿಚ್ಚಿಟ್ಟ ಮೇಲೆ, ಆ ಬಂಗಾರದ ಆಸೆಗೆ ಅವರ ಲೆಕ್ಕಾಚಾರವೇ ಬೇರೆ ಆಗುತ್ತೆ. ನಿಮ್ಮ ಕಥೆಯಲ್ಲೂ ಹಾಗೇ ಏನಾದರೂ ತಂದಿಡಿ. ಮದುವೆ ಮುಗಿದ ವಾರ ತಂಗಿ ಬಂದು, ಒಂದು ಬಳೆ ಬಿಚ್ಚಿ ಅಕ್ಕನ ಮುಂದೆ ಹಿಡಿಯಲಿ. ಅಕ್ಕ ತಗೊಳ್ತಾಳಾ? ನಾನಂತೂ ಮೂರು ಸಲ ಬರೆದೆ. ಮೂರು ಸಲವೂ ಅವಳು "ಕಾಫಿ ಇಡ್ತೀನಿ ಇರು" ಅಂತ ಎದ್ದು ಹೋದಳು.